ಶಾಸ್ತ್ರ ಅನ್ನಿ, ಒಪ್ಪುತ್ತೇನೆ. ಸೈನ್ಸ್ ಅನ್ನಬೇಡಿ

ನಿನ್ನೆ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ. ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ನಿನ್ನೆ, ಸೆಪ್ಟೆಂಬರ್ 7, 2025, ಚಂದ್ರಗ್ರಹಣ. ನಾನು ಬೆಂಗಳೂರಿನಲ್ಲಿ ಅಕ್ಕನ ಮನೆಯಲ್ಲಿದ್ದೆ. ಅಕ್ಕನ ಮಗಳು ಆರು ತಿಂಗಳ ಬಸುರಿ. ಅವಳ ಗಂಡ ಸಾಫ್ಟ್‌ವೇರ್ ಎಂಜಿನಿಯರ್, ಒಳ್ಳೆಯ ಹುಡುಗ. ಆ ಒಳ್ಳೆಯ ಹುಡುಗ ಮಧ್ಯಾಹ್ನ ಒಂದಕ್ಕೇ ಮಲಗುವ ಕೋಣೆಯ ಕಿಟಕಿಗೆಲ್ಲ ಪೇಪರ್ ಅಂಟಿಸಿ ಹೆಂಡತಿಯನ್ನು ಒಳಗೆ ಕೂರಿಸಿದ. ಗ್ರಹಣ ಹಿಡಿಯೋದು ರಾತ್ರಿ 9:57ಕ್ಕೆ. ಆದರೆ ಮೂರು ಯಾಮ ಮೊದಲೇ, ಅಂದರೆ ಒಂಬತ್ತು ಗಂಟೆ ಮೊದಲೇ ವೇಧ, ಅಂದರೆ ಉಪವಾಸದ ಹೊತ್ತು, ಶುರು. ಮೋಕ್ಷ, ಅಂದರೆ ಗ್ರಹಣ ಬಿಡೋದು, 1:26ಕ್ಕೆ. ಲೆಕ್ಕ ಹಾಕಿ. ಹನ್ನೆರಡೂವರೆ ಗಂಟೆ ಬಸುರಿಗೆ ಅನ್ನ ಇಲ್ಲ, ನೀರಿಲ್ಲ.

"ಏನಪ್ಪಾ ಇದು?" ಅಂದೆ.

"ಮಾಮಾ, ಇದು ನಂಬಿಕೆ ಅಲ್ಲ. ಪ್ಯೂರ್ ಸೈನ್ಸ್" ಅಂದ. ಮೊಬೈಲ್ ತೆಗೆದು ವಿಡಿಯೋ ತೋರಿಸಿದ. ಗ್ರಹಣದಲ್ಲಿ ಕಿರಣ ಬದಲಾಗುತ್ತಂತೆ. ಬೇಯಿಸಿದ್ದು ವಿಷ ಆಗುತ್ತಂತೆ. ದರ್ಭೆ ಅದನ್ನು ತಡೆಯುತ್ತಂತೆ. ಫ್ರಿಜ್ಜಿನೊಳಗಿನ ಹಾಲಿನ ಪ್ಯಾಕೆಟ್ ಮೇಲೂ ಒಂದು ದರ್ಭೆ ಮಲಗಿತ್ತು. ಪಾಪ, ಅದಕ್ಕೂ ಚಳಿ.

ನಾನು ಬೆಳೆದ ಮನೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ರಾಯಚೂರಿನ ಮಾಧ್ವರ ಮನೆ. ಏಕಾದಶಿ ಅಂದರೆ ದೊಡ್ಡವರಿಗೆ ನೀರೂ ಇಲ್ಲ. ಮಡಿಯಲ್ಲಿದ್ದ ಅಜ್ಜಿಗೆ ಕೈ ತಾಗಿದರೆ ಅಜ್ಜಿಗೆ ಮತ್ತೆ ಸ್ನಾನ, ನನಗೆ ಒದೆ. ಯಾಕೆ ಅಂತ ಕೇಳಿದರೆ ಇನ್ನೆರಡು. "ಶಾಸ್ತ್ರ ಅದ. ಯಾಕ ಅಂತ ಕೇಳಬ್ಯಾಡ." ಇಷ್ಟೇ ಉತ್ತರ. ಇಪ್ಪತ್ತು ವರ್ಷ ಆ ಉತ್ತರದ ಮೇಲೆ ಹಲ್ಲು ಕಡಿದಿದ್ದೇನೆ.

ನಿನ್ನೆ ಮೊದಲ ಸಲ ಅನ್ನಿಸಿತು, ಅಜ್ಜಿ ಎಷ್ಟು ಪ್ರಾಮಾಣಿಕಳು ಅಂತ. ತನಗೆ ಕಾರಣ ಗೊತ್ತು ಅಂತ ಆಕೆ ಯಾವತ್ತೂ ಹೇಳಲಿಲ್ಲ. ಆಕೆಯ ಜೊತೆ ಜಗಳ ಆಡಬಹುದಿತ್ತು. "ನಾ ನಂಬಂಗಿಲ್ಲ" ಅಂದರೆ ಆಕೆ ಅಳುತ್ತಿದ್ದಳು, ನಾನು ಊಟ ಬಿಡುತ್ತಿದ್ದೆ, ಯಾರು ಎಲ್ಲಿ ನಿಂತಿದ್ದೇವೆ ಅನ್ನೋದು ಇಬ್ಬರಿಗೂ ಗೊತ್ತಿರುತ್ತಿತ್ತು. ಇವನ ಜೊತೆ ಹೇಗೆ ಜಗಳ ಆಡೋದು? ಏನು ಕೇಳಿದರೂ ಅದಕ್ಕೊಂದು ವಿಡಿಯೋ ಇದೆ.

ಇನ್ನೊಂದು ಮಾತು. ಅಜ್ಜಿಯ ಶಾಸ್ತ್ರದಲ್ಲಿ ಮಕ್ಕಳು, ಮುದುಕರು, ಬಸುರಿಯರು, ಕಾಯಿಲೆಯವರಿಗೆ ವಿನಾಯಿತಿ ಇತ್ತು. ಅವರು ವೇಧದಲ್ಲೂ ಸಂಜೆವರೆಗೆ ಉಣ್ಣಬಹುದು. ಪಂಚಾಂಗದಲ್ಲೇ ಅಚ್ಚಾಗಿರುತ್ತೆ, ತೆಗೆದು ನೋಡಿ. ಅಳಿಯನ ಸೈನ್ಸ್‌ನಲ್ಲಿ ವಿನಾಯಿತಿ ಇಲ್ಲ. ಕಿರಣಕ್ಕೆ ಕರುಣೆ ಎಲ್ಲಿಂದ ಬರಬೇಕು!

ಗ್ರಹಣದ ಮಾತು ಬಂದರೆ ನನಗೆ ಯಾಕೆ ಇಷ್ಟು ಉರಿಯುತ್ತೆ ಅಂತ ಹೇಳಿಬಿಡುತ್ತೇನೆ. 1980ರ ಫೆಬ್ರವರಿ 16, ಶನಿವಾರ. ಖಗ್ರಾಸ ಸೂರ್ಯಗ್ರಹಣ. ಅಂಕೋಲಾ ಕಡೆಯಿಂದ ನೆರಳು ಓಡಿ ಬಂದು ನೇರ ನಮ್ಮ ರಾಯಚೂರಿನ ಮೇಲೆ ಹಾದುಹೋಯಿತು. ಅದನ್ನು ನೋಡೋಕೆ ವಿಜ್ಞಾನಿಗಳು ಎಲ್ಲೆಲ್ಲಿಂದಲೋ ದುರ್ಬೀನು ಹೊತ್ತು ನಮ್ಮ ಸೀಮೆಗೆ ಬಂದಿದ್ದರು. ನಾನು ನಮ್ಮ ಮಾಳಿಗೆ ಹತ್ತಿದ್ದರೆ ಸಾಕಿತ್ತು. ಎರಡು ನಿಮಿಷಕ್ಕೂ ಜಾಸ್ತಿ ಹೊತ್ತು ಹಗಲೇ ಕತ್ತಲು. ನನಗೆ ಎಂಟು ವರ್ಷ. ಎಲ್ಲಿದ್ದೆ? ನಡುಮನೆಯಲ್ಲಿ. ಕಿಟಕಿಗೆ ಕೌದಿ. ಪಕ್ಕದಲ್ಲಿ ಅಕ್ಕ, ಅವಳ ಬೆವರಿದ ಕೈ. ಭಾರತದಲ್ಲಿ ಮುಂದಿನ ಖಗ್ರಾಸ ಸೂರ್ಯಗ್ರಹಣ 2034ರ ಮಾರ್ಚ್‌ನಲ್ಲಿ, ಅದೂ ಲಡಾಖ್ ಕಡೆ. ನನ್ನ ಮಂಡಿನೋವು ಇಟ್ಟುಕೊಂಡು ನಾನು ಲಡಾಖ್‌ಗೆ ಹೋದ ಹಾಗೇ.

ಆದರೆ ಸುಳ್ಳು ಯಾಕೆ ಹೇಳಲಿ. ಆ ಕೌದಿ ಕಟ್ಟಿದ ಕೋಣೆಯಲ್ಲಿ ತಾತ ಜಪ ಮಾಡುತ್ತಿದ್ದರು. ಸೂರ್ಯನನ್ನು ರಾಹು ನುಂಗುತ್ತಿದ್ದಾನೆ, ಈ ಜಪದಿಂದಲೇ ಬಿಡಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೆ. ತಾತನ ಜೊತೆ ನಾನೂ ಬೆರಳು ಮಡಚಿ ಎಣಿಸಿದೆ. ಕೌದಿಯ ಅಂಚಿನಲ್ಲಿ ಬೆಳಕಿನ ಗೆರೆ ಮತ್ತೆ ಬಂತು. ಸೂರ್ಯನನ್ನು ಬಿಡಿಸಿದ್ದರಲ್ಲಿ ನನ್ನದೂ ಒಂದು ಪಾಲಿದೆ ಅಂದುಕೊಂಡೆ. ಅಂಥ ಖುಷಿ ಆಮೇಲೆ ಯಾವ ಪುಸ್ತಕವೂ ನನಗೆ ಕೊಟ್ಟಿಲ್ಲ. ಇರಲಿ.

ಈಗ ಕಾಮೆಂಟ್‌ನಲ್ಲಿ ಬರುವ ಮಾತು ಗೊತ್ತು. "ಸಾರ್, ನಮ್ಮ ಹಿರಿಯರು ದಡ್ಡರೇ? ಪಂಚಾಂಗ ನಿಮಿಷಕ್ಕೆ ಸರಿಯಾಗಿ ಗ್ರಹಣ ಹೇಳಲ್ವಾ?" ಹೇಳುತ್ತೆ. ದಡ್ಡರಲ್ಲ ಅನ್ನೋದೇ ನನ್ನ ತಕರಾರು! ಸೂರ್ಯನನ್ನು ಮುಚ್ಚೋದು ಚಂದ್ರ, ಚಂದ್ರನನ್ನು ಮುಚ್ಚೋದು ಭೂಮಿಯ ನೆರಳು ಅಂತ ಆರ್ಯಭಟ 499ರಲ್ಲೇ ಬರೆದಿಟ್ಟ. ಆಮೇಲೆ ಬಂದ ಬ್ರಹ್ಮಗುಪ್ತ ಅಷ್ಟು ದೊಡ್ಡ ಗಣಿತಜ್ಞ, ನೆರಳಿನ ಲೆಕ್ಕದಲ್ಲೇ ಗ್ರಹಣ ಕಂಡುಹಿಡಿದು, ರಾಹುವನ್ನು ಮಾತ್ರ ಬಿಡಲಿಲ್ಲ. ಇದನ್ನು ಹನ್ನೊಂದನೇ ಶತಮಾನದ ವಿದ್ವಾಂಸ ಅಲ್ ಬಿರೂನಿ ಅಷ್ಟು ಹಿಂದೆಯೇ ಗಮನಿಸಿ ಆಕ್ಷೇಪ ಎತ್ತಿದ್ದ. ಲೆಕ್ಕಕ್ಕೆ ನೆರಳು, ಹೆದರಿಸೋಕೆ ರಾಹು. ನಮ್ಮ ಅಳಿಯ ಏನೂ ಹೊಸದು ಮಾಡಿಲ್ಲ ಬಿಡಿ, ರಾಹುವಿಗೆ ಕಿರಣ ಅಂತ ಹೆಸರಿಟ್ಟಿದ್ದಾನೆ ಅಷ್ಟೇ.

ಅವನನ್ನು ಒಂದೇ ಒಂದು ಕೇಳಿದೆ. "ದಿನಾ ರಾತ್ರಿ ಅಂದರೆ ಏನಪ್ಪಾ? ಸೂರ್ಯನ ಆಚೆ ಬದಿಗೆ ಬಿದ್ದ ಭೂಮಿಯ ನೆರಳೇ ಅಲ್ವಾ? ಅದರೊಳಗೇ ನಾವು ಊಟ ಮಾಡ್ತೀವಿ, ಮಲಗ್ತೀವಿ. ಅದೇ ನೆರಳು ಅಷ್ಟು ದೂರ ಹೋಗಿ ಚಂದ್ರನ ಮೇಲೆ ಬಿದ್ದರೆ ಇಲ್ಲಿ ಸಾರು ಯಾಕೆ ಕೆಡಬೇಕು?" ಅವನು ಟಿವಿ ಕಡೆ ಕೈ ತೋರಿಸಿದ. ಅಲ್ಲಿ ನೀರಿನ ತಟ್ಟೆಯಲ್ಲಿ ಒನಕೆ ನೆಟ್ಟಗೆ ನಿಂತಿತ್ತು. ಅಯ್ಯಾ, ತಳ ಸಪಾಟಾಗಿದ್ದರೆ ಒನಕೆ ಯಾವತ್ತಾದರೂ ನಿಲ್ಲುತ್ತೆ. ಅಮಾವಾಸ್ಯೆಗೂ ನಿಲ್ಲುತ್ತೆ, ಸಂಬಳದ ದಿನವೂ ನಿಲ್ಲುತ್ತೆ.

1990ರಲ್ಲಿ ಬೆಂಗಳೂರಿಗೆ ಬಂದ ಹೊಸದರಲ್ಲಿ ಬಸವನಗುಡಿ ನ್ಯಾಷನಲ್ ಕಾಲೇಜಿನ ಸೈನ್ಸ್ ಫೋರಂಗೆ ಬುಧವಾರ ಸಂಜೆ ಹೋಗುತ್ತಿದ್ದೆ. ಮೂಢನಂಬಿಕೆಗಳನ್ನು ಪ್ರಶ್ನಿಸುತ್ತಿದ್ದ ಎಚ್. ನರಸಿಂಹಯ್ಯನವರ ಕಾಲ ಅದು. ಅಲ್ಲಿ ಒಂದು ದಿನ ಎದ್ದು ನಿಂತು "ಯಾಕೆ?" ಅಂತ ಕೇಳಿದೆ. ಕೇಳಿದ ಮೇಲೆ ತಲೆ ಬಗ್ಗಿಸಿದೆ. ಹಳೇ ಅಭ್ಯಾಸ, ಏಟು ಬೀಳುತ್ತೆ ಅಂತ.

ರಾತ್ರಿ ಹನ್ನೊಂದಕ್ಕೆ ಪೂರ್ತಿ ಹಿಡಿಯಿತು. 82 ನಿಮಿಷ. ನಾನೊಬ್ಬನೇ ಟೆರೇಸ್ ಹತ್ತಿದೆ. ಇಷ್ಟು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಮೇಲೆ ಬಂದವರು ಇಬ್ಬರು. ಇನ್ನೊಬ್ಬ ವಾಚ್‌ಮನ್. ಮೋಡದ ಸಂದಿಯಲ್ಲಿ ಆಗೊಮ್ಮೆ ಈಗೊಮ್ಮೆ ಚಂದ್ರ. ಮೊಬೈಲ್‌ನಲ್ಲಿ ಫೋಟೋ ತೆಗೆದು ಅಕ್ಕನ ಮಗಳಿಗೆ ವಾಟ್ಸಾಪ್ ಮಾಡಿದೆ. ತಕ್ಷಣ ಉತ್ತರ ಬಂತು: "ಅಜ್ಜಿಮನೆ ತಾಮ್ರದ ಚೊಂಬಿನ ಥರ ಇದೆ ಮಾಮಾ. ಇನ್ನೊಂದು ಕಳ್ಸು." ಆಮೇಲೆ: "ಬಾಯಾರಿಕೆ."

ಕೆಳಗೆ ಬಂದು ನೀರಿನ ಬಾಟಲಿ ಒಯ್ದು ಬಾಗಿಲು ಬಡಿದೆ. ಅಳಿಯ ತೆಗೆದ. ನನ್ನ ಮುಖ ನೋಡಿ ಏನೂ ಅನ್ನಲಿಲ್ಲ. ಅವಳು ಅರ್ಧ ಬಾಟಲಿ ಒಂದೇ ಉಸಿರಿಗೆ ಕುಡಿದಳು.

ಎಲ್ಲ ಮುಗಿದು ಒಂದೂವರೆಗೆ ಮಲಗೋಕೆ ಹೋದೆ. ನಿದ್ದೆ ಬರಲಿಲ್ಲ. ಎದ್ದು ಬಚ್ಚಲಿಗೆ ಹೋಗಿ, ದೀಪವನ್ನೂ ಹಾಕದೆ, ತಲೆ ಮೇಲೆ ತಣ್ಣೀರು ಸುರಿದುಕೊಂಡೆ. ಮೂರು ಚೊಂಬು.

ಬೆಳಿಗ್ಗೆ ಅಕ್ಕ ಕಾಫಿ ಕೊಡುತ್ತಾ ಒದ್ದೆ ಟವೆಲ್ ನೋಡಿದಳು. "ರಾತ್ರಿ ಸ್ನಾನ ಮಾಡಿದ್ಯೇನೋ?" ಅಂದಳು.

"ಸೆಕೆ ಇತ್ತು" ಅಂದೆ. ಸೆಪ್ಟೆಂಬರ್‌ನ ಬೆಂಗಳೂರಲ್ಲಿ. ರಾತ್ರಿ ಒಂದೂವರೆಗೆ.