ಹದ್ದಿನ ಸೋಮಾರಿತನ

ಬೆಂಗಳೂರಿನಲ್ಲಿ ಹಕ್ಕಿ ನೋಡುವವರು ಬೆಳಗಾಗುವ ಮೊದಲೇ ಹೆಬ್ಬಾಳ ಕೆರೆಗೋ ಮಡಿವಾಳ ಕೆರೆಗೋ ಹೊರಡುತ್ತಾರೆ. ಹೆಜ್ಜಾರ್ಲೆ, ನೀರುಕಾಗೆ, ಮಿಂಚುಳ್ಳಿ ಎಂದು ಪಟ್ಟಿ ಮಾಡುತ್ತಾರೆ. ಕೊನೆಗೆ, ಬಿಟ್ಟರೆ ಚೆನ್ನಾಗಿರಲ್ಲ ಅಂತ ಹದ್ದನ್ನೂ ಸೇರಿಸುತ್ತಾರೆ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಈ ಊರಿನ ಆಕಾಶದಲ್ಲಿ ಹದ್ದಿನಷ್ಟು ಚೆಂದ ಹಾರುವ ಹಕ್ಕಿ ಇನ್ನೊಂದಿಲ್ಲ. ಅದನ್ನು ನೋಡಲು ನಸುಕಿನಲ್ಲಿ ಏಳಬೇಕಾಗಿಯೂ ಇಲ್ಲ. ಅದು ಮೇಲೇರುವುದೇ ಬಿಸಿಲು ಬಲಿತ ಮೇಲೆ.

ಗರುಡನ ಅದೃಷ್ಟವೇ ಬೇರೆ. ಬಿಳಿ ತಲೆ, ಇಟ್ಟಿಗೆ ಬಣ್ಣದ ಮೈ ಕಂಡರೆ ಸಾಕು, ಸಿಗ್ನಲ್‌ನಲ್ಲಿ ನಿಂತವರೂ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಾರೆ. ಕಂದು ಬಣ್ಣದ ಹದ್ದಿಗೆ ಆ ಭಾಗ್ಯವಿಲ್ಲ. ರಸೆಲ್ ಮಾರ್ಕೆಟ್ಟಿನ ಮೇಲೆ ಮಾಂಸದ ಚೂರಿಗಾಗಿ ಸುತ್ತುವ ಹಕ್ಕಿಗೆ ಯಾರು ಕೈ ಮುಗಿಯುತ್ತಾರೆ?

ಹನ್ನೊಂದು ಗಂಟೆ ಹೊತ್ತಿಗೆ ಲಾಲ್‌ಬಾಗಿನ ಬಂಡೆ ಹತ್ತಿ ಸುಮ್ನೆ ತಲೆ ಎತ್ತಿ ನೋಡಿ. ಸುಮಾರು 300 ಕೋಟಿ ವರ್ಷದ ಬಂಡೆ ಅದು. ಬಿಸಿಲಿಗೆ ಕಾದಂತೆ ಅದರ ಮೇಲಿನ ಗಾಳಿಯೂ ಬಿಸಿಯಾಗಿ ಮೇಲೇಳುತ್ತದೆ. ಇಂಥ ಗಾಳಿ ಸಿಕ್ಕರೆ ಹದ್ದು ರೆಕ್ಕೆ ಚಾಚಿ, ಸುತ್ತು ಹಾಕುತ್ತ ಹಾಕುತ್ತ ಮೇಲೆ ಹೋಗುತ್ತದೆ. ಹತ್ತಿರ ಹತ್ತಿರ 5 ಅಡಿ ಅಗಲದ ರೆಕ್ಕೆ, ಬಡಿಯುವುದು ಮಾತ್ರ ಅಪರೂಪ. ಕೆಲಸವೆಲ್ಲ ಬಾಲದ್ದು. ನಡುವೆ ಕವಲೊಡೆದ ಆ ಬಾಲವನ್ನು ತೆಪ್ಪದ ಹುಟ್ಟಿನಂತೆ ಚೂರು ಆ ಕಡೆ, ಚೂರು ಈ ಕಡೆ ತಿರುಚಿದರೆ ಇಡೀ ಮೈ ತಿರುಗುತ್ತದೆ. ನಾವು ಸೊಬಗು ಅನ್ನುವುದು ಈ ಸೋಮಾರಿತನವನ್ನೇ ಅಲ್ವಾ? ನಾಮದ ಕೋಳಿ ನೀರಿನ ಮೇಲೆ ದಡಬಡ ಓಡಿ ಹಾರುವುದನ್ನು ಕಂಡು ಯಾರೂ ಆಹಾ ಅನ್ನುವುದಿಲ್ಲ. ಪಾಪ, ಅದರ ದುಡಿಮೆ ಕಣ್ಣಿಗೆ ಕಾಣಿಸಿಬಿಡುತ್ತದೆ.

ಕಾಂಕ್ರೀಟು ಜಾಸ್ತಿಯಾಗಿ ಊರು ಕಾಯುತ್ತಿದೆ ಎಂದು ನಾವು ಬೈಯುತ್ತೇವೆ. ಬೈಯಲೇಬೇಕು. ಹದ್ದು ಮಾತ್ರ ಆ ಬಿಸಿಗಾಳಿಯನ್ನೂ ಬಿಡದೆ ಹತ್ತಿ ಕೂರುತ್ತದೆ. ಕೆಳಗೆ ಸಿಲ್ಕ್ ಬೋರ್ಡ್‌ನಲ್ಲಿ ನಾವು ಪೆಟ್ರೋಲು ಸುಡುತ್ತ ನಿಂತಿರುತ್ತೇವೆ.

ಕಾಗೆಗೆ ಇದ್ಯಾವುದರ ಮೇಲೂ ಗೌರವವಿಲ್ಲ. ಹಿಂದಿನಿಂದ ಬಂದು ಆ ಬಾಲವನ್ನೇ ಜಗ್ಗುತ್ತದೆ. ಹದ್ದು ಜಗಳಕ್ಕೆ ನಿಲ್ಲದೆ ಸ್ವಲ್ಪ ವಾಲಿ ತಪ್ಪಿಸಿಕೊಳ್ಳುತ್ತದೆ. ತಪ್ಪಿಸಿಕೊಳ್ಳಲು ಬಾರದ್ದು ಮಾಂಜಾ. ಗಾಜಿನ ಪುಡಿ ಹಚ್ಚಿದ ಆ ದಾರ, ಗಾಳಿಪಟ ಹರಿದು ಹೋದ ಮೇಲೂ ಮರಗಳಲ್ಲಿ ತೂಗಾಡುತ್ತ ರೆಕ್ಕೆ ಕುಯ್ಯುತ್ತದೆ. ಆಷಾಢದ ಗಾಳಿಗೆ ಗಾಳಿಪಟ ಹಾರಿಸಬೇಡಿ ಅನ್ನುವಷ್ಟು ಬಿಗುಮಾನ ನನಗಿಲ್ಲ. ಬರೀ ನೂಲಿನ ದಾರದಲ್ಲೂ ಅದು ಚೆನ್ನಾಗಿಯೇ ಹಾರುತ್ತದೆ. ಪಕ್ಕದ ಮನೆಯವರ ಗಾಳಿಪಟ ಕತ್ತರಿಸಲು ಆಗುವುದಿಲ್ಲ, ಅಷ್ಟೇ.