ಒಡೆದು ಬಂದ ವಸ್ತುವಿನ ಹಣ ಮರಳಿಸಬೇಕಾದವರು ಯಾರು?

ಕಳೆದ ತಿಂಗಳು ಆನ್‌ಲೈನ್‌ನಲ್ಲಿ ತರಿಸಿದ ಮೇಜಿನ ದೀಪವೊಂದು, ಗಾಜಿನ ಶೇಡ್ ಚೂರುಚೂರಾದ ಸ್ಥಿತಿಯಲ್ಲಿ ನನ್ನ ಕೈ ಸೇರಿತು. ಪೆಟ್ಟಿಗೆಯನ್ನು ಎತ್ತಿಕೊಂಡಾಗಲೇ ಒಳಗೆ ಚೂರುಗಳು ಸರಿದಾಡುವ ಸದ್ದು ಕೇಳಿಸಿತ್ತು. ಒಂದು ಮೂಲೆ ಹೆಬ್ಬೆರಳು ಹೂತುಹೋಗುವಷ್ಟು ಒಳಕ್ಕೆ ಕುಸಿದಿತ್ತು. ಹಳೆಯ ಟೇಪಿನ ಮೇಲೆ ಬೇರೆ ಬಣ್ಣದ ಟೇಪನ್ನು ಯಾರೋ ಮತ್ತೆ ಅಂಟಿಸಿದ್ದರು. ಇದನ್ನೆಲ್ಲ ನಾನು ಗಮನಿಸುವ ಹೊತ್ತಿಗೆ ಡೆಲಿವರಿ ಹುಡುಗನಿಗೆ ಒಟಿಪಿ ಹೇಳಿಯಾಗಿತ್ತು, ‘ವಸ್ತುವನ್ನು ಯಶಸ್ವಿಯಾಗಿ ತಲುಪಿಸಲಾಗಿದೆ’ ಎಂಬ ಸಂದೇಶವೂ ಫೋನಿಗೆ ಬಂದಾಗಿತ್ತು. ಕೊಟ್ಟ ಹಣ ಮರಳಿ ಬರಲು ಹತ್ತೊಂಬತ್ತು ದಿನಗಳು ಹಿಡಿದವು. ಅಷ್ಟು ದಿನಗಳಲ್ಲಿ ತಿಳಿದುಕೊಂಡದ್ದನ್ನು, ಅದಕ್ಕಿಂತ ಹೆಚ್ಚಾಗಿ ಅನ್ಯಾಯವೆಂದು ಕಂಡದ್ದನ್ನು, ಇಲ್ಲಿ ಬರೆಯುತ್ತಿದ್ದೇನೆ.

ಮಾರಾಟಗಾರರ ಮೊದಲ ಉತ್ತರ ಹೀಗಿತ್ತು: ‘ನಾವು ಸುಸ್ಥಿತಿಯಲ್ಲಿಯೇ ಕಳುಹಿಸಿದ್ದೇವೆ, ದಾರಿಯಲ್ಲಿ ಆದದ್ದಕ್ಕೆ ಕೊರಿಯರ್‌ನವರನ್ನು ಕೇಳಿ.’ ಕೊರಿಯರ್‌ನವರನ್ನು ಕೇಳಿದರೆ, ಪಾರ್ಸೆಲ್ ಕಳುಹಿಸಿದವರು ದೂರು ಕೊಟ್ಟರೆ ಮಾತ್ರ ಪರಿಶೀಲಿಸುತ್ತೇವೆ ಎಂದರು. ನನಗೆ ಕೋಪ ಬಂದದ್ದು ಇಬ್ಬರ ಮೇಲೂ ಹೌದು. ಆದರೆ ಸಮಾಧಾನದಿಂದ ಯೋಚಿಸಿದಾಗ, ಇವರಿಬ್ಬರಲ್ಲಿ ಕೊರಿಯರ್‌ನವರ ಮಾತೇ ಸರಿ ಎಂಬುದು ಅರಿವಾಯಿತು. ಕೊರಿಯರ್ ಸಂಸ್ಥೆಯನ್ನು ಆರಿಸಿದವರು, ಅದರೊಂದಿಗೆ ಒಪ್ಪಂದ ಮಾಡಿಕೊಂಡವರು, ಅದಕ್ಕೆ ಬಾಡಿಗೆ ತೆತ್ತವರು ಮಾರಾಟಗಾರರು. ನಾನು ಹಣ ಕೊಟ್ಟದ್ದು ಮಾರಾಟಗಾರರಿಗೆ, ಅದೂ ಪೆಟ್ಟಿಗೆಯೊಳಗಿನ ಚೂರುಗಳಿಗಲ್ಲ, ಉರಿಯುವ ಇಡೀ ದೀಪಕ್ಕೆ. ಸಾಗಣೆಯಲ್ಲಿ ಆದ ನಷ್ಟವನ್ನು ಅವರಿಬ್ಬರು ತಮ್ಮೊಳಗೆ ಹೇಗೆ ಹಂಚಿಕೊಳ್ಳುತ್ತಾರೆ, ವಿಮೆಯಿಂದ ತುಂಬಿಸಿಕೊಳ್ಳುತ್ತಾರೆಯೇ ಇಲ್ಲವೇ ಎಂಬುದು ಅವರ ವ್ಯವಹಾರ. ಅದು ಇತ್ಯರ್ಥವಾಗುವವರೆಗೆ ಗ್ರಾಹಕರು ಕಾಯಬೇಕೆನ್ನುವುದು ಯಾವ ನ್ಯಾಯ?

ಇದು ನನ್ನೊಬ್ಬನ ಅಭಿಪ್ರಾಯವಲ್ಲ. ಐರೋಪ್ಯ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನದ 20ನೇ ವಿಧಿಯ ಪ್ರಕಾರ, ವಸ್ತುವು ಗ್ರಾಹಕರ ಕೈಗೆ ಬರುವ ತನಕ ಹಾನಿಯ ಹೊಣೆ ಮಾರಾಟಗಾರರದೇ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಹೇಳುವುದೂ ಅದನ್ನೇ. ಎರಡರಲ್ಲಿಯೂ ಇರುವ ವಿನಾಯಿತಿ ಒಂದೇ: ಮಾರಾಟಗಾರರು ಸೂಚಿಸದ ಕೊರಿಯರನ್ನು ಗ್ರಾಹಕರೇ ಸ್ವತಃ ಗೊತ್ತುಮಾಡಿದ್ದರೆ ಹೊಣೆ ಗ್ರಾಹಕರ ಮೇಲೆ ಬರುತ್ತದೆ. ಭಾರತದ 2020ರ ಇ-ಕಾಮರ್ಸ್ ನಿಯಮಗಳಂತೂ ದೋಷವಿರುವ ವಸ್ತುವನ್ನು ಹಿಂಪಡೆಯಲು ಅಥವಾ ಅದರ ಹಣ ಮರಳಿಸಲು ಮಾರಾಟಗಾರರು ನಿರಾಕರಿಸಬಾರದು ಎನ್ನುತ್ತವೆ. ದೂರು ತಲುಪಿತೆಂದು ಮಾರಾಟಗಾರರು ನೇಮಿಸಿದ ಕುಂದುಕೊರತೆ ಅಧಿಕಾರಿ 48 ಗಂಟೆಗಳೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಅದನ್ನು ಬಗೆಹರಿಸಬೇಕು. ‘ಕೊರಿಯರ್‌ನವರನ್ನು ಕೇಳಿ’ ಎಂಬ ಉತ್ತರ ಬಂದಾಗ ನಾವು ವಾದಕ್ಕಿಳಿಯಬೇಕಾಗಿಲ್ಲ. ‘ನನ್ನ ಖರೀದಿ ನಿಮ್ಮಿಂದ, ಆದ್ದರಿಂದ ನನ್ನ ದೂರು ನಿಮ್ಮ ಮೇಲೆಯೇ’ ಎಂಬ ಒಂದು ವಾಕ್ಯವನ್ನು ಬರವಣಿಗೆಯಲ್ಲಿ ಕಳುಹಿಸಿದರೆ ಸಾಕು. ನನ್ನ ವಿಷಯದಲ್ಲಿ ಮಾತಿನ ಧಾಟಿ ಬದಲಾದದ್ದು ಆ ವಾಕ್ಯದ ನಂತರವೇ.

ಮುಂದಿನ ಅಡ್ಡಿ, ಪೆಟ್ಟಿಗೆ ಬಿಚ್ಚುವಾಗಿನ ವಿಡಿಯೊ. ಮೊದಲಿನಿಂದ ಕೊನೆಯವರೆಗೆ ಎಲ್ಲಿಯೂ ನಿಲ್ಲಿಸದೆ ಚಿತ್ರಿಸಿದ ವಿಡಿಯೊ ಇಲ್ಲದಿದ್ದರೆ ದೂರನ್ನೇ ಸ್ವೀಕರಿಸುವುದಿಲ್ಲ ಎಂದು ಮಾರಾಟಗಾರರು ಬರೆದರು. ಈ ಷರತ್ತನ್ನು ನಾನು ತೀವ್ರವಾಗಿ ವಿರೋಧಿಸುತ್ತೇನೆ. ಒಬ್ಬರೇ ಇರುವ ಮನೆಯಲ್ಲಿ, ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಟೇಪು ಕತ್ತರಿಸುವುದು ಹೇಗೆ? ಕೈ ನಡುಗುವ ಹಿರಿಯರು ಏನು ಮಾಡಬೇಕು? ಕ್ಯಾಮೆರಾ ಇಲ್ಲದ ಫೋನು ಇಟ್ಟುಕೊಂಡವರಿಗೆ ವಸ್ತು ತರಿಸುವ ಹಕ್ಕೇ ಇಲ್ಲವೇ? ಸುಳ್ಳು ದೂರು ಕೊಟ್ಟು ಹಣ ಹೊಡೆಯುವವರಿದ್ದಾರೆ, ಅವರಿಂದ ಮಾರಾಟಗಾರರು ರಕ್ಷಣೆ ಬಯಸುವುದು ಸಹಜ ಎಂಬುದನ್ನು ಒಪ್ಪುತ್ತೇನೆ. ಆದರೆ ಪ್ರತಿಯೊಬ್ಬ ಗ್ರಾಹಕರನ್ನೂ ಮೊದಲು ಸಂಶಯಿಸಿ, ನಿರಪರಾಧಿಯೆಂದು ಸಾಬೀತುಪಡಿಸುವ ಭಾರವನ್ನು ಅವರ ತಲೆಗೇ ಕಟ್ಟುವುದು ಅದಕ್ಕೆ ಪರಿಹಾರವಲ್ಲ. ಪ್ಯಾಕ್ ಮಾಡುವ ಮೇಜಿನ ಮೇಲೆ ಒಂದು ಕ್ಯಾಮೆರಾ ಇಡುವುದು ಮಾರಾಟಗಾರರಿಗೆ ಕಷ್ಟವೇನಲ್ಲ.

ಅಸಲಿಗೆ ಪ್ಯಾಕಿಂಗ್ ಬಗ್ಗೆಯೇ ಮಾತನಾಡಬೇಕು. ಕೊರಿಯರ್ ದಾರಿಯಲ್ಲಿ ಪೆಟ್ಟಿಗೆ ಬೀಳುತ್ತದೆ ಎಂಬುದು ಈ ವ್ಯಾಪಾರದಲ್ಲಿರುವ ಎಲ್ಲರಿಗೂ ಗೊತ್ತಿರುವ ಸಂಗತಿ. ಇಂಟರ್‌ನ್ಯಾಷನಲ್ ಸೇಫ್ ಟ್ರಾನ್ಸಿಟ್ ಅಸೋಸಿಯೇಷನ್ ಎಂಬ ಸಂಸ್ಥೆ ರೂಪಿಸಿರುವ 1ಎ ಪರೀಕ್ಷೆಯಲ್ಲಿ, ಸುಮಾರು 9.5 ಕಿಲೋಗಿಂತ ಹಗುರವಾದ ಪೆಟ್ಟಿಗೆಯನ್ನು 76 ಸೆಂಟಿಮೀಟರ್ ಎತ್ತರದಿಂದ, ಅಂದರೆ ಹೆಚ್ಚುಕಡಿಮೆ ಮೇಜಿನ ಎತ್ತರದಿಂದ, ಹತ್ತು ಬಾರಿ ಬೀಳಿಸುತ್ತಾರೆ: ಒಂದು ಮೂಲೆಯ ಮೇಲೆ, ಮೂರು ಅಂಚುಗಳ ಮೇಲೆ, ಆರು ಮುಖಗಳ ಮೇಲೆ. ಅಷ್ಟನ್ನು ತಾಳಿಕೊಂಡರೆ ಮಾತ್ರ ಪ್ಯಾಕಿಂಗ್ ತಕ್ಕಷ್ಟಿದೆ ಎಂದರ್ಥ. ನನ್ನ ದೀಪದ ಪೆಟ್ಟಿಗೆಯೊಳಗಿದ್ದದ್ದು ಗಾಳಿ ತುಂಬಿದ ಒಂದೇ ಒಂದು ಪ್ಲಾಸ್ಟಿಕ್ ಚೀಲ, ಅದೂ ಗಾಳಿ ಹೋಗಿ ಸೊರಗಿತ್ತು. ಗಾಜಿಗೂ ರಟ್ಟಿಗೂ ನಡುವೆ ಬೆರಳಗಲದ ಮೆತ್ತೆಯೂ ಇರಲಿಲ್ಲ. ಹೊರಗೆ ಅಂಟಿಸಿದ್ದ ‘ಎಚ್ಚರಿಕೆ, ಒಡೆಯುವ ವಸ್ತು’ ಎಂಬ ಚೀಟಿಯನ್ನು ಪಾರ್ಸೆಲ್ ವಿಂಗಡಿಸುವ ಬೆಲ್ಟ್ ಓದಬಲ್ಲದೇ? ಇದಕ್ಕಾಗಿ ಡೆಲಿವರಿ ಹುಡುಗನನ್ನು ಬೈಯುವವರನ್ನು ಕಂಡರೆ ನನಗೆ ನೋವಾಗುತ್ತದೆ. ಆತನ ಕೈಗೆ ಬರುವ ಮೊದಲು ಆ ಪೆಟ್ಟಿಗೆ ಎಷ್ಟೋ ಗೋದಾಮುಗಳನ್ನು, ಎಷ್ಟೋ ವಾಹನಗಳನ್ನು ಹತ್ತಿ ಇಳಿದಿರುತ್ತದೆ. ನನ್ನ ದೂರಿನಲ್ಲಿ ‘ತಲುಪಿಸಿದವರ ತಪ್ಪಿಲ್ಲ’ ಎಂದು ಬೇಕೆಂದೇ ಬರೆದೆ.

ವಿಡಿಯೊ ಇಲ್ಲದಿದ್ದರೂ ನನ್ನ ಕೈ ಹಿಡಿದದ್ದು ಫೋಟೊಗಳು. ಕುಸಿದ ಮೂಲೆ, ಎರಡು ಬಣ್ಣದ ಟೇಪು, ವಿಳಾಸದ ಚೀಟಿಯ ಮೇಲಿನ ಟ್ರ್ಯಾಕಿಂಗ್ ಸಂಖ್ಯೆ, ಚೂರುಗಳು ಪೆಟ್ಟಿಗೆಯೊಳಗೆ ಬಿದ್ದಿದ್ದ ರೀತಿ, ಇವೆಲ್ಲವನ್ನೂ ಏನನ್ನೂ ಕದಲಿಸುವ ಮೊದಲೇ ತೆಗೆದು, ಅಂದೇ ಇಮೇಲ್ ಮಾಡಿದ್ದೆ. ಅಂದೇ ಎಂಬುದು ಮುಖ್ಯ. ಕೊರಿಯರ್ ವಿರುದ್ಧ ಮಾರಾಟಗಾರರು ಪರಿಹಾರ ಕೇಳುವುದಕ್ಕೂ ಗಡುವು ಇರುತ್ತದೆ. ಅಂತರರಾಷ್ಟ್ರೀಯ ವಿಮಾನ ಸರಕಿಗೆ ಸಂಬಂಧಿಸಿದ 1999ರ ಮಾಂಟ್ರಿಯಲ್ ಒಪ್ಪಂದದಲ್ಲಿ ಅದು ಸರಕು ಕೈಸೇರಿದ ದಿನದಿಂದ 14 ದಿನಗಳು. ನಮ್ಮ ತಡ ಅವರಿಗೊಂದು ನೆಪವಾಗಬಾರದು. ಫೋನಿನಲ್ಲಿ ಎಷ್ಟು ಹೊತ್ತು ಮಾತನಾಡಿದರೂ, ಆಡಿದ್ದನ್ನು ಬಳಿಕ ಒಂದು ಸಾಲಿನಲ್ಲಾದರೂ ಬರೆದು ಕಳುಹಿಸುವ ರೂಢಿಯೂ ಒಳ್ಳೆಯದು. ಹಣ ಕೈಸೇರುವ ತನಕ ಪೆಟ್ಟಿಗೆಯನ್ನಾಗಲಿ ಚೂರುಗಳನ್ನಾಗಲಿ ಎಸೆಯಬೇಡಿ.

ಒಂದು ವಾರ ಕಳೆದ ಮೇಲೆ, ದೀಪವನ್ನು ನಾನೇ ಇಟ್ಟುಕೊಂಡು ಬೆಲೆಯ ಕಾಲು ಭಾಗವನ್ನು ಕೂಪನ್ ರೂಪದಲ್ಲಿ ಪಡೆಯಬಹುದು ಎಂಬ ಪ್ರಸ್ತಾಪ ಬಂತು. ನಿರಾಕರಿಸಿದೆ. ಯಾವ ಮಾರ್ಗದಲ್ಲಿ ಹಣ ಹೋಗಿತ್ತೋ ಅದೇ ಮಾರ್ಗದಲ್ಲಿ, ಸಾಗಣೆ ವೆಚ್ಚವೂ ಸೇರಿ, ಪೂರ್ತಿಯಾಗಿ ಮರಳಬೇಕು ಎಂದೆ. ಕಾರ್ಡಿನಲ್ಲಿ ಪಾವತಿಸಿದ್ದರಿಂದ, ಒಪ್ಪದಿದ್ದರೆ ಬ್ಯಾಂಕಿನ ಮೂಲಕ ಚಾರ್ಜ್‌ಬ್ಯಾಕ್, ಅಂದರೆ ಮಾರಾಟಗಾರರಿಗೆ ಹೋದ ಹಣವನ್ನು ಬ್ಯಾಂಕೇ ಹಿಂದಕ್ಕೆ ತರಿಸುವ ಕ್ರಮವನ್ನು, ಕೇಳುವುದಾಗಿಯೂ ತಿಳಿಸಿದೆ. ಹಾನಿಗೊಂಡ ವಸ್ತುವಿನ ವಿಷಯದಲ್ಲಿ ವೀಸಾ, ಮಾಸ್ಟರ್‌ಕಾರ್ಡ್‌ನಂಥ ದೊಡ್ಡ ಕಾರ್ಡ್ ಜಾಲಗಳು ಇದಕ್ಕೆ ಸಾಮಾನ್ಯವಾಗಿ 120 ದಿನಗಳ ಅವಕಾಶ ಕೊಡುತ್ತವೆ. ಆದರೆ ಮೊದಲು ಮಾರಾಟಗಾರರೊಂದಿಗೆ ಬಗೆಹರಿಸಿಕೊಳ್ಳಲು ಪ್ರಯತ್ನಿಸಿದ್ದಕ್ಕೆ ದಾಖಲೆ ತೋರಿಸಬೇಕಾಗುತ್ತದೆ. ಬರೆದಿಟ್ಟ ಇಮೇಲ್‌ಗಳ ಬೆಲೆ ತಿಳಿಯುವುದು ಅಲ್ಲಿಯೇ.

ಹತ್ತನೆಯ ದಿನ ‘ರಿಫಂಡ್ ಮಾಡಲಾಗಿದೆ’ ಎಂಬ ಸಂದೇಶ ಬಂತು, ಹಣ ಮಾತ್ರ ಬರಲಿಲ್ಲ. ಮತ್ತೊಂದು ವಾರ ಕಾದು, ಕಾರ್ಡ್ ವ್ಯವಹಾರಕ್ಕೆ ಸಿಗುವ, ಹಣ ಎಲ್ಲಿದೆಯೆಂದು ಬ್ಯಾಂಕ್ ಪತ್ತೆಹಚ್ಚಲು ನೆರವಾಗುವ 23 ಅಂಕಿಗಳ ಎಆರ್‌ಎನ್ ಸಂಖ್ಯೆಯನ್ನು ಮಾರಾಟಗಾರರಿಂದ ಕೇಳಿ ಪಡೆದೆ. ಅದನ್ನು ಬ್ಯಾಂಕಿಗೆ ಕೊಟ್ಟ ಎರಡು ದಿನಗಳಲ್ಲಿ ಹಣ ಖಾತೆಯಲ್ಲಿತ್ತು. ಒಡೆದ ದೀಪವನ್ನು ವಾಪಸು ಕಳುಹಿಸುವುದು ಬೇಡ ಎಂದು ಅವರು ಮೊದಲೇ ಬರೆದಿದ್ದರು. ಅಂದು ಸಂಜೆ ಪೆಟ್ಟಿಗೆಯಿಂದ ಚೂರುಗಳನ್ನು ಒಂದೊಂದಾಗಿ ತೆಗೆದು ದಪ್ಪ ಕಾಗದದಲ್ಲಿ ಸುತ್ತಿ, ಕಸ ಒಯ್ಯುವವರ ಕೈಗೆ ತಗಲದಿರಲಿ ಎಂದು ಮೇಲೆ ದೊಡ್ಡದಾಗಿ ‘ಗಾಜು’ ಎಂದು ಬರೆದು ಹೊರಗಿಟ್ಟೆ.