ನೇರವಾಗಿ ಬೆಲೆ ಹೇಳದ ಅಂಗಡಿ

ಹತ್ತನೆಯ ತರಗತಿಯ ಗಣಿತ ಪುಸ್ತಕದಲ್ಲಿ ಸಂಸಾರ ಹೂಡಿರುವ ಜನರಷ್ಟು ಸುತ್ತಿಬಳಸಿ ಮಾತನಾಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಗನಿಗೆ ವಯಸ್ಸೆಷ್ಟು ಎಂದು ಕೇಳಿದರೆ ಆ ತಂದೆ ಎಂಟು ಎನ್ನುವುದಿಲ್ಲ. ಈಗ ನನ್ನ ವಯಸ್ಸು ಅವನದರ ನಾಲ್ಕರಷ್ಟು, ಇನ್ನು ನಾಲ್ಕು ವರ್ಷ ಕಳೆದರೆ ಮೂರರಷ್ಟು ಎನ್ನುತ್ತಾನೆ. ಈ ಮನುಷ್ಯ ಆಧಾರ್ ಕೇಂದ್ರದಲ್ಲೂ ಹೀಗೆಯೇ ಉತ್ತರಿಸಿದರೆ ಸಾಲಿನಲ್ಲಿ ಹಿಂದೆ ನಿಂತವರು ಸುಮ್ಮನಿದ್ದಾರೆಯೇ? ದೋಣಿಯವನೊಬ್ಬ ಪ್ರವಾಹದ ಜೊತೆಗೊಮ್ಮೆ, ಎದುರಿಗೊಮ್ಮೆ ಹೋಗಿಬರುತ್ತಾನೆ. ಯಾವ ದಡದಲ್ಲೂ ಅವನಿಗೆ ಕೆಲಸವಿದ್ದಂತಿಲ್ಲ.

ಈ ಚಾಳಿ ಇಂದಿನದಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲೊಂದು ಹಣ್ಣಿನ ಲೆಕ್ಕವಿದೆ. ಒಂಬತ್ತು ಮಾದಲಹಣ್ಣಿಗೂ ಏಳು ಬೇಲದಹಣ್ಣಿಗೂ ಸೇರಿ ಬೆಲೆ 107. ಏಳು ಮಾದಲಕ್ಕೂ ಒಂಬತ್ತು ಬೇಲಕ್ಕೂ ಸೇರಿ 101. ಲೆಕ್ಕಿಗನೇ, ಒಂದೊಂದರ ಬೆಲೆಯನ್ನು ಬೇರ್ಪಡಿಸಿ ಬೇಗ ಹೇಳು ಎನ್ನುತ್ತಾನೆ ಆಚಾರ್ಯ. ಆ 'ಬೇಗ'ವನ್ನು ನೋಡಿ. ಪರೀಕ್ಷಾ ಕೊಠಡಿಯ ಅವಸರಕ್ಕೆ ಸಾವಿರ ವರ್ಷ ಮೀರಿದೆ.

ಇದಕ್ಕೆ ಎಕ್ಸ್ ಬೇಡ, ವೈ ಬೇಡ, ಎರಡರಲ್ಲಿ ಒಂದು ಅಕ್ಷರವನ್ನು ತೊಡೆದುಹಾಕುವ ವರ್ಜಿಸುವ ವಿಧಾನವೂ ಬೇಡ. ಎರಡು ಸಲವೂ ಬುಟ್ಟಿಯಲ್ಲಿರುವುದು ಹದಿನಾರೇ ಹಣ್ಣು. ಎರಡು ಮಾದಲ ತೆಗೆದು ಎರಡು ಬೇಲ ಇಟ್ಟರೆ ಬೆಲೆ ಆರು ಇಳಿಯಿತು. ಅಂದರೆ ಮಾದಲ ಬೇಲಕ್ಕಿಂತ ಮೂರು ತುಟ್ಟಿ. ಮೊದಲ ಬುಟ್ಟಿಯಲ್ಲಿ ಒಂಬತ್ತು ಮಾದಲಗಳ ಈ ಹೆಚ್ಚುವರಿ 27ನ್ನು 107ರಿಂದ ಕಳೆಯಿರಿ, ಉಳಿದದ್ದು 80. ಹದಿನಾರು ಹಣ್ಣೂ ಬೇಲವೇ ಆಗಿದ್ದರೆ ತೆರಬೇಕಿದ್ದ ಹಣ ಅದು. ಬೇಲಕ್ಕೆ ಐದು, ಮಾದಲಕ್ಕೆ ಎಂಟು. ಸಂತೆಯಲ್ಲಿ ತರಕಾರಿ ಮಾರುವ ಅಜ್ಜಿ ಇಷ್ಟನ್ನು ಎಲೆಯಡಿಕೆ ಜಗಿಯುತ್ತಲೇ ಮುಗಿಸಿಯಾಳು. ನಾವು ಮಾತ್ರ 'ಮಾದಲಹಣ್ಣಿನ ಬೆಲೆ ಎಕ್ಸ್ ಆಗಿರಲಿ' ಎಂದು ಬರೆದು ಅರ್ಧ ಅಂಕವನ್ನು ಭದ್ರಪಡಿಸಿಕೊಂಡೇ ಮುಂದುವರಿಯುತ್ತೇವೆ.

ಗೊತ್ತಿಲ್ಲದ ಎರಡು ಬೆಲೆ ತಿಳಿಯಲು ಹೀಗೆ ಎರಡು ಮಾತು ಬೇಕು. ಆದರೆ ಎರಡನೆಯ ಮಾತು ನಿಜಕ್ಕೂ ಎರಡನೆಯದಾಗಿರಬೇಕು. ಎರಡು ಇಡ್ಲಿ, ಒಂದು ವಡೆಗೆ 70 ರೂಪಾಯಿಯ ಬಿಲ್ಲು ಬಂತೆನ್ನಿ. ಮರುದಿನ ನಾಲ್ಕು ಇಡ್ಲಿ, ಎರಡು ವಡೆ ತಿಂದು 140 ಕೊಟ್ಟರೆ ಹೊಟ್ಟೆ ತುಂಬಿತೇ ಹೊರತು ವಡೆಯ ಬೆಲೆ ತಿಳಿಯಲಿಲ್ಲ. ಮದುವೆ ಮಾತುಕತೆಯಲ್ಲಿ ಹುಡುಗನ ಸೋದರಮಾವನನ್ನು ವಿಚಾರಿಸಿ, ಸಾಲದೆಂದು ಸೋದರಮಾವನ ಹೆಂಡತಿಯನ್ನೂ ವಿಚಾರಿಸಿದ ಹಾಗಾಯಿತು. ಒಂದೊಂದು ಬಿಲ್ಲನ್ನೂ ನಕ್ಷೆಯಲ್ಲಿ ಒಂದೊಂದು ಗೆರೆಯಾಗಿ ಬರೆದರೆ ಎರಡು ಗೆರೆಯೂ ಒಂದರ ಮೇಲೊಂದು ಮಲಗಿರುತ್ತವೆ. ಇಡ್ಲಿ 20, ವಡೆ 30 ಎಂದರೂ ಸರಿ. ಇಡ್ಲಿ 15, ವಡೆ 40 ಎಂದರೂ ಸರಿ.

ಇನ್ನು ಮರುದಿನದ ಬಿಲ್ಲು 150 ಆಗಿದ್ದರೆ ಗೆರೆಗಳು ಸಮಾಂತರವಾಗಿ ಓಡುತ್ತವೆ, ಎಲ್ಲೂ ಸಂಧಿಸುವುದಿಲ್ಲ. ಪರಿಹಾರವಿಲ್ಲ ಎಂದು ಪುಸ್ತಕ ಕೈಚೆಲ್ಲುತ್ತದೆ. ಗಲ್ಲಾದಲ್ಲಿ ಕುಳಿತವರ ಬಳಿ ಮಾತ್ರ ಪರಿಹಾರವಿದೆ: "ಎರಡನೆಯ ಸಲ ಸಾಂಬಾರು ಹಾಕಿಸಿಕೊಂಡಿರಲ್ಲ ಸ್ವಾಮಿ, ಅದಕ್ಕೆ ಹತ್ತು."